ಬೇಸಿಗೆಯ ಬೆಳಗಿನಲ್ಲಿ ಹಳ್ಳಿದಾರಿ ನಡಿಗೆ: ಹಕ್ಕಿ, ಪ್ರಾಣಿಗಳನ್ನು ನೋಡಲು ಹೊರಡುವ ಮುನ್ನ

ಶಾಲೆಗೆ ರಜೆ ಬಿಟ್ಟ ಕೂಡಲೇ ಓದುಗರಿಂದ ಬರುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ. ಮಕ್ಕಳನ್ನು ಕರೆದುಕೊಂಡು ಊರಿಗೆ ಹೋಗುತ್ತಿದ್ದೇವೆ, ಸಫಾರಿಗೆ ಹೋಗದೆ ಹಕ್ಕಿ, ಪ್ರಾಣಿಗಳನ್ನು ತೋರಿಸಬಹುದೇ, ಈ ಸುಡುಬಿಸಿಲಿನಲ್ಲಿ ಏನಾದರೂ ಕಣ್ಣಿಗೆ ಬೀಳುತ್ತದೆಯೇ ಎಂದು ಕೇಳುತ್ತಾರೆ. ಖಂಡಿತ ಬೀಳುತ್ತದೆ. ಬಯಲುಸೀಮೆಯಲ್ಲಿ ನಡೆದು ನೋಡುವವರಿಗೆ ಮಾರ್ಚ್‌ನಿಂದ ಮೇ ತಿಂಗಳವರೆಗಿನ ಕಾಲವೇ ಒಳ್ಳೆಯದು ಎಂಬುದು ನನ್ನ ಅಭಿಪ್ರಾಯ. ಬೇಲಿಯ ಹಂಬು ಒಣಗಿರುತ್ತದೆ, ಹಲವು ಮರಗಳು ಎಲೆ ಉದುರಿಸಿ ನಿಂತಿರುತ್ತವೆ, ಹುಲ್ಲು ನೆಲಕಚ್ಚಿರುತ್ತದೆ. ಮರೆಯಲ್ಲಿ ಇದ್ದವೆಲ್ಲ ಬಯಲಿಗೆ ಬಂದಿರುತ್ತವೆ. ಹಳ್ಳಕೊಳ್ಳ ಬತ್ತಿ ನೀರು ನಾಲ್ಕೈದು ಕಡೆ ಮಾತ್ರ ಉಳಿದಿರುವುದರಿಂದ ಸುತ್ತಲಿನ ಜೀವಿಗಳೆಲ್ಲ ಅಲ್ಲಿಗೇ ಬರಬೇಕು.

ಈ ಲೇಖನದ ಮುಖ್ಯ ಸೂಚನೆಯೂ ಇದರಿಂದಲೇ ಹುಟ್ಟುತ್ತದೆ: ನೀರಿಗೂ ಪ್ರಾಣಿಗೂ ನಡುವೆ ನೀವು ನಿಲ್ಲಬೇಡಿ. ಬೇರೆ ಏನನ್ನು ಮರೆತರೂ ಇದನ್ನು ಮರೆಯಬೇಡಿ.

ಇಲ್ಲಿ ಹೇಳುವುದು ತುಮಕೂರು, ಮಂಡ್ಯ, ಕೋಲಾರ, ಚಿತ್ರದುರ್ಗ, ಹಾಸನದ ಬಯಲು ಭಾಗ, ಇಂಥ ಕೆರೆ ಕಟ್ಟೆಗಳ ಸೀಮೆಗೆ ಹೊಂದುತ್ತದೆ. ಮಲೆನಾಡಿನ ಮಾತು ಬೇರೆ. ಅದನ್ನು 8ನೇ ಭಾಗದಲ್ಲಿ ಹೇಳಿದ್ದೇನೆ.

1. ಚಿಕ್ಕ ದಾರಿಯನ್ನು ಆರಿಸಿಕೊಳ್ಳಿ

ಹೋಗಿ ಬರಲು 3 ಕಿಲೋಮೀಟರ್ ಸಾಕು, 4 ಆದರೆ ಹೆಚ್ಚು. ಹೊಸಬರು ಎಡವುವುದು ಇಲ್ಲಿಯೇ: ದೂರ ನಡೆದಷ್ಟೂ ಹೆಚ್ಚು ಕಾಣುತ್ತದೆ ಎಂದುಕೊಳ್ಳುತ್ತಾರೆ. ನಡೆಯುವವರ ಸದ್ದಿಗೆ ಜೀವಿಗಳು ಅಡಗುತ್ತವೆ. ನಿಂತವರ ಮುಂದೆ ಮತ್ತೆ ಹೊರಬರುತ್ತವೆ. ಹತ್ತು ಹೆಜ್ಜೆಗೊಮ್ಮೆ ನಿಲ್ಲುವಷ್ಟು ಬಿಡುವು ಇರಬೇಕಾದರೆ ದಾರಿ ಚಿಕ್ಕದಿರಬೇಕು.

ಆ ಚಿಕ್ಕ ದಾರಿಯಲ್ಲಿ ಬೇರೆ ಬೇರೆ ಬಗೆಯ ನೆಲ ಸಿಗುವಂತೆ ನೋಡಿಕೊಳ್ಳಿ. ಕೆರೆಯ ಏರಿಯಿಂದ ಶುರು ಮಾಡಿ, ಕೋಡಿಯ ಕಡೆ ಇಳಿದು (ಕೋಡಿ ಎಂದರೆ ಕೆರೆ ತುಂಬಿದಾಗ ಹೆಚ್ಚಿನ ನೀರು ಹರಿದುಹೋಗುವ ಜಾಗ), ಅಚ್ಚುಕಟ್ಟಿನ ತೋಟ ಗದ್ದೆಗಳ ಬದಿಯಲ್ಲಿ ಸಾಗಿ, ಗುಂಡುತೋಪು ಹಾದು, ಗೋಮಾಳದ ಅಂಚಿಗೆ ಮುಗಿಸಿದರೆ ಅಷ್ಟರಲ್ಲೇ ನಾಲ್ಕು ಲೋಕ ಕಂಡಂತಾಗುತ್ತದೆ. ಪಟ್ಟಣದಲ್ಲಿ ಬೆಳೆದವರಿಗಾಗಿ ಹೇಳುವುದಾದರೆ, ಅಚ್ಚುಕಟ್ಟು ಎಂದರೆ ಕೆರೆಯ ನೀರುಣ್ಣುವ ಜಮೀನು. ಗುಂಡುತೋಪು ಎಂದರೆ ನೆರಳಿಗೆಂದು ಹಿಂದಿನವರು ನೆಟ್ಟು ಊರಿಗೆ ಬಿಟ್ಟ ಮರಗಳ ತೋಪು. ಗೋಮಾಳ ಎಂದರೆ ದನ ಮೇಯಿಸಲು ಬಿಟ್ಟ ಸರ್ಕಾರಿ ಜಾಗ.

ದಾರಿ ಯಾರದು ಎಂಬುದನ್ನೂ ತಿಳಿದಿರಿ. ಗ್ರಾಮ ನಕ್ಷೆಯಲ್ಲಿ ಗುರುತಾದ ಕಾಲುದಾರಿ, ಬಂಡಿದಾರಿಗಳನ್ನು ರೈತರು ‘ನಕಾಶೆ ಕಂಡ ದಾರಿ’ ಎನ್ನುತ್ತಾರೆ. ಅಲ್ಲಿ ಯಾರು ಬೇಕಾದರೂ ನಡೆಯಬಹುದು. ಉಳಿದದ್ದೆಲ್ಲ ಒಬ್ಬೊಬ್ಬರ ಜಮೀನು. ಕಂದಾಯ ಇಲಾಖೆಯ ‘ದಿಶಾಂಕ್’ ಆ್ಯಪ್ ತೆರೆದರೆ ನೀವು ನಿಂತ ಜಾಗದ ಸರ್ವೆ ನಂಬರ್ ಕಾಣುತ್ತದೆ. ಆದರೂ ಆ್ಯಪ್‌ಗಿಂತ ಬಾಯಿಮಾತು ಮೇಲು. “ಅಣ್ಣಾ, ಹಕ್ಕಿ ನೋಡೋಕೆ ಬಂದಿದ್ದೇವೆ, ಈ ಬದುವಿನ ಮೇಲೆ ಹೋಗಬಹುದಾ?” ಎಂದು ಕೇಳಿದರೆ ಬೇಡ ಎನ್ನುವ ರೈತರು ಕಡಿಮೆ. ಎಷ್ಟೋ ಸಲ ಅವರೇ ನವಿಲು ಮೊಟ್ಟೆ ಇಟ್ಟ ಮೂಲೆಯನ್ನೂ ಮುಂಗುಸಿ ಓಡಾಡುವ ಹೊತ್ತನ್ನೂ ಹೇಳುತ್ತಾರೆ. ಮೀಸಲು ಅರಣ್ಯದೊಳಗೆ ಮಾತ್ರ ಅನುಮತಿ ಇಲ್ಲದೆ ಕಾಲಿಡಬೇಡಿ. ಅದು ಅಪರಾಧ, ಬೇಸಿಗೆಯಲ್ಲಿ ಕಾಳ್ಗಿಚ್ಚಿನ ಭಯವೂ ಇರುತ್ತದೆ. ಚಾರಣಕ್ಕೆ ತೆರೆದಿರುವ ಕಾಡುದಾರಿಗಳಿಗೆ ಅರಣ್ಯ ಇಲಾಖೆಯ ‘ಅರಣ್ಯ ವಿಹಾರ’ ಜಾಲತಾಣದಲ್ಲಿ ಮುಂಗಡ ಕಾಯ್ದಿರಿಸಬೇಕು.

ನಿಮಗೆ ಊರು ಎಂಬುದೇ ಇಲ್ಲದಿದ್ದರೆ ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿಗೆ ಹೋಗಿ. ಬಣ್ಣದ ಕೊಕ್ಕರೆಗಳೂ ಹೆಜ್ಜಾರ್ಲೆಗಳೂ (ಪೆಲಿಕನ್) ಮನೆಗಳ ನಡುವಿನ ಮರಗಳಲ್ಲೇ ಗೂಡು ಕಟ್ಟುತ್ತವೆ. ಏಪ್ರಿಲ್‌ನಲ್ಲಿ ಇನ್ನೂ ಮರಿಗಳಿರುತ್ತವೆ. ಬಿಸಿಲೇರಿದಂತೆ ತಾಯಿಯೋ ತಂದೆಯೋ ರೆಕ್ಕೆ ಅಗಲಿಸಿ ಮರಿಗಳಿಗೆ ನೆರಳು ಮಾಡಿ ನಿಲ್ಲುವುದನ್ನು ಬೀದಿಯಿಂದಲೇ ನೋಡಬಹುದು. ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯ ಹುಲ್ಲುಗಾವಲಿನಲ್ಲಿ ಕೃಷ್ಣಮೃಗಗಳಿವೆ. ಅದು ಸಂರಕ್ಷಿತ ಜಾಗ. ಮೊದಲೇ ಅರಣ್ಯ ಇಲಾಖೆಯವರನ್ನು ವಿಚಾರಿಸಿ ಹೊರಡಿ.

2. ಹೊತ್ತು ತಪ್ಪಿಸಬೇಡಿ

ಏಪ್ರಿಲ್, ಮೇ ತಿಂಗಳಲ್ಲಿ ನಮ್ಮಲ್ಲಿ ಸೂರ್ಯ ಹುಟ್ಟುವುದು 6 ಗಂಟೆಯ ಆಸುಪಾಸು. ದಾರಿ ಕಾಣುವಷ್ಟು ಬೆಳಕು ಬಂದ ಕೂಡಲೇ ಹೊರಡಿ. 9 ಗಂಟೆಗೆ ಮನೆಯಲ್ಲಿರಿ. ತಿಂಡಿ ತಿಂದು ಹೊರಟರೆ ನಡಿಗೆ ಕೆಟ್ಟಂತೆಯೇ. ಸಂಜೆಯಾದರೆ 5ರಿಂದ ಬೆಳಕು ಇಳಿಯುವವರೆಗೆ. ಕತ್ತಲಿರುವಾಗ ಹೊರಡುವುದು ಬೇಡ. ಚಿರತೆ, ಕರಡಿಗಳಿರುವ ಗುಡ್ಡಗಳ ಬದಿಯಲ್ಲಂತೂ ಬೇಡವೇ ಬೇಡ.

ಹೊತ್ತಾಯಿತು ಎಂಬುದನ್ನು ಹಕ್ಕಿಗಳೇ ತಿಳಿಸುತ್ತವೆ. ಅವುಗಳಿಗೆ ಬೆವರು ಗ್ರಂಥಿ ಇಲ್ಲ. ಮೈ ಕಾದಾಗ ಕೊಕ್ಕು ತೆರೆದು ಏದುಸಿರು ಬಿಡುತ್ತ, ಕೆಲವು ಗಂಟಲಿನ ಚರ್ಮವನ್ನೂ ಸಣ್ಣಗೆ ಅದುರಿಸುತ್ತ ಉಸಿರಿನ ತೇವದಿಂದ ಮೈ ತಂಪು ಮಾಡಿಕೊಳ್ಳುತ್ತವೆ. ಕಾಗೆ, ಗೊರವಂಕಗಳು ಬಾಯಿ ತೆರೆದು ಕುಳಿತದ್ದನ್ನು ಕಂಡರೆ ಹಿಂದಿರುಗಿ. ಆಗ ನಿಮಗೆ ಹೆದರಿ ಒಂದು ಸಲ ಹಾರಿದರೂ ಅವುಗಳಿಗೆ ಅದು ದುಬಾರಿ.

3. ಚೀಲದಲ್ಲಿ ಏನಿರಬೇಕು

ತಲೆಗೆ ಅಗಲ ಅಂಚಿನ ಟೋಪಿ ಅಥವಾ ಟವೆಲ್, ಮೈಗೆ ಮಾಸಲು ಬಣ್ಣದ ತುಂಬುತೋಳಿನ ಹತ್ತಿ ಬಟ್ಟೆ, ಕಾಲಿಗೆ ಕಣಕಾಲು ಮುಚ್ಚುವ ಬೂಟು. ಚಪ್ಪಲಿ ಬೇಡ, ಜಾಲಿ ಮುಳ್ಳು ಹವಾಯಿ ಚಪ್ಪಲಿಯನ್ನು ತೂರಿ ಬರುತ್ತದೆ. ಒಬ್ಬೊಬ್ಬರಿಗೆ ಕನಿಷ್ಠ 1 ಲೀಟರ್ ಕುಡಿಯುವ ನೀರು, ಉಪ್ಪು ಹಾಕಿದ ಮಜ್ಜಿಗೆ, ಒಂದೆರಡು ಓಆರ್‌ಎಸ್ ಪೊಟ್ಟಣ. ಸುಗಂಧದ ಸೆಂಟು ಹಾಕಿಕೊಳ್ಳಬೇಡಿ; ಕಾರಣ ಮುಂದೆ ಹೆಜ್ಜೇನಿನ ಮಾತಿನಲ್ಲಿದೆ.

ದುರ್ಬೀನು ಇದ್ದರೆ ಒಳ್ಳೆಯದು. ಅಂಗಡಿಯಲ್ಲಿ 8×42 ಎಂದು ಬರೆದಿರುವುದನ್ನು ಕೇಳಿ. ಮೊದಲ ಅಂಕಿ ಎಷ್ಟು ಪಟ್ಟು ದೊಡ್ಡದಾಗಿ ಕಾಣುತ್ತದೆ ಎಂಬುದು; ಎರಡನೆಯದು ಮುಂದಿನ ಗಾಜಿನ ಅಗಲ, ಮಿಲಿಮೀಟರಿನಲ್ಲಿ. 20 ಪಟ್ಟಿನದು ಎಂದು ಮಾರುವುದನ್ನು ಕೊಳ್ಳಬೇಡಿ, ಕೈಯ ನಡುಕವೂ ಅಷ್ಟೇ ಪಟ್ಟು ಹೆಚ್ಚುತ್ತದೆ. ದುರ್ಬೀನು ಇಲ್ಲದಿದ್ದರೂ ನಡಿಗೆ ನಿಲ್ಲಿಸಬೇಡಿ. ಮುಂದೆ ಹೇಳುವುದರಲ್ಲಿ ಹೆಚ್ಚಿನದು ಬರಿಗಣ್ಣಿಗೇ ಕಾಣುತ್ತದೆ.

4. ಕೆರೆಯ ಏರಿ: ನೀರಿನಿಂದ ದೂರ ನಿಲ್ಲಿ

ಏರಿಯ ಮೇಲೆ ನಿಂತರೆ ಆಕಾಶದ ಎದುರು ನಿಮ್ಮ ಆಕಾರ ಎದ್ದು ಕಾಣುತ್ತದೆ. ಒಂದು ಮರದ ಕೆಳಗೋ ತೂಬಿನ ಕಟ್ಟೆಯ ಪಕ್ಕದಲ್ಲೋ ಕುಳಿತುಕೊಳ್ಳಿ. ಸೂರ್ಯ ಬೆನ್ನಿಗಿರಲಿ. ಕಾಲು ಗಂಟೆ ಮಾತಾಡದೆ ಇರಿ.

ಮೊದಲು ಕಣ್ಣಿಗೆ ಬೀಳುವುದು ಬೆಳ್ಳಕ್ಕಿಗಳು. ಅವುಗಳ ಪಕ್ಕದಲ್ಲೇ ಕೆಸರಿನ ಬಣ್ಣದಲ್ಲಿ ಕತ್ತು ಹುದುಗಿಸಿಕೊಂಡ ಕೊಳದ ಬಕ ಇರುತ್ತದೆ. ಕುಳಿತಾಗ ಕಂದು, ಹಾರಿದರೆ ಅಚ್ಚ ಬಿಳಿ ರೆಕ್ಕೆ. ಮರಿ ಮಾಡುವ ಈ ಕಾಲದಲ್ಲಿ ಅದರ ಬೆನ್ನಿಗೆ ನೇರಳೆಗೆಂಪಿನ ಉದ್ದ ಗರಿಗಳು ಬಂದಿರುತ್ತವೆ; ಚಳಿಗಾಲದಲ್ಲಿ ನೋಡಿದವರಿಗೆ ಇದು ಬೇರೆ ಹಕ್ಕಿಯೇ ಅನ್ನಿಸುತ್ತದೆ. ನೀರು ಇಳಿದ ಕೆಸರಿನಲ್ಲಿ ಗುಲಾಬಿ ಬಣ್ಣದ ನೀಳ ಕಾಲಿನ ಮೆಟ್ಟುಗಾಲು ಹಕ್ಕಿ, ಬಾಗಿದ ಕೊಕ್ಕಿನ ಕೆಂಬರಲು, ಕೊಕ್ಕಿನ ತುದಿ ಚಮಚದಂತಿರುವ ಚಮಚ ಕೊಕ್ಕು ಸಿಗಬಹುದು.

ಇಲ್ಲಿ ಹೆಚ್ಚು ಹೊತ್ತು ಕೊಡಬೇಕಾದದ್ದು ಟಿಟ್ಟಿಭಕ್ಕೆ. ಬತ್ತಿದ ಅಂಗಳದಲ್ಲಿ ‘ಟಿಟ್ಟಿಟ್ಟೀ’ ಎಂದು ಕೂಗಿ ತಲೆಯ ಮೇಲೆಯೇ ಸುತ್ತುತ್ತದೆ. ಮಾರ್ಚ್‌ನಿಂದ ಅದು ಮೊಟ್ಟೆ ಇಡುವ ಕಾಲ. ಗೂಡು ಕಟ್ಟುವುದಿಲ್ಲ, ಬಟ್ಟಬಯಲಿನ ಕಲ್ಲುಹರಳುಗಳ ನಡುವೆ ಒಂದಿಷ್ಟು ನೆಲ ಕೆರೆದು ಸಾಮಾನ್ಯವಾಗಿ ನಾಲ್ಕು ಮೊಟ್ಟೆ ಇಡುತ್ತದೆ. ಚೂಪು ತುದಿ ಒಳಮುಖವಾಗಿ ಜೋಡಿಸಿದ ಆ ಮೊಟ್ಟೆಗಳ ಮೇಲೆ ಮಣ್ಣುಬಣ್ಣ, ಕಪ್ಪು ಕಲೆ. ಎರಡಡಿ ದೂರದಿಂದಲೂ ಕಲ್ಲೆಂದೇ ತಿಳಿಯುವಿರಿ. ನೆಲ ಕಾದಾಗ ತಾಯಿ, ತಂದೆ ಸರದಿಯಂತೆ ನೀರಿಗೆ ಹೋಗಿ ಹೊಟ್ಟೆಯ ಗರಿ ನೆನೆಸಿಕೊಂಡು ಬಂದು ಮೊಟ್ಟೆಗೆ ತಂಪು ಮಾಡುತ್ತವೆ. ನೀವು ಗೂಡಿನ ಬಳಿ ನಿಂತಿದ್ದಷ್ಟು ಹೊತ್ತು ಈ ಕೆಲಸ ನಿಂತಿರುತ್ತದೆ, ಬಿಸಿಲಿಗೆ ಮೊಟ್ಟೆ ಕಾಯುತ್ತಿರುತ್ತದೆ. ಹಾಗಾಗಿ ಟಿಟ್ಟಿಭ ನಿಮ್ಮ ಮೇಲೆ ಎರಗುವಂತೆ ಹಾರಿ ಬಂದರೆ ಮೊಟ್ಟೆ ಹುಡುಕಬೇಡಿ, ಬಂದ ಹೆಜ್ಜೆಯಲ್ಲೇ ಹಿಂದೆ ಸರಿಯಿರಿ. ಸಾಕಷ್ಟು ದೂರ ಹೋಗಿ ಕುಳಿತರೆ ಅದು ತಾನೇ ನಡೆದುಕೊಂಡು ಮೊಟ್ಟೆಯ ಬಳಿ ಬರುತ್ತದೆ. ಬಂದು ಕೂರುವಾಗ ಮೈ ಒಮ್ಮೆ ಅಲುಗಿಸಿ ಮೊಟ್ಟೆಗಳನ್ನು ಹೊಟ್ಟೆಯ ಗರಿಯೊಳಗೆ ಸರಿಪಡಿಸಿಕೊಳ್ಳುವುದನ್ನು ದುರ್ಬೀನಿನಲ್ಲಿ ಮಕ್ಕಳಿಗೆ ತೋರಿಸಿ.

ಎಚ್ಚರ: ಬತ್ತಿದ ಕೆರೆಯ ಅಂಗಳ ಮೇಲೆ ಬಿರುಕು ಬಿಟ್ಟಿದ್ದರೂ ಒಳಗೆ ಹೂಳು ಹಸಿಯಾಗಿರುತ್ತದೆ, ಮಣ್ಣು ತೆಗೆದ ಗುಂಡಿಗಳೂ ಇರುತ್ತವೆ. ದನಕರು ನಡೆದ ಜಾಡು ಬಿಟ್ಟು ಒಳಗೆ ಇಳಿಯಬೇಡಿ.

5. ಬೇಲಿ, ತಂತಿ, ಗುಂಡುತೋಪು

ವಿದ್ಯುತ್ ತಂತಿಯ ಮೇಲೆ ಮಂಕು ಕಂದು ಬಣ್ಣದ, ದೊಡ್ಡ ತಲೆಯ ಹಕ್ಕಿಯೊಂದು ಸುಮ್ಮನೆ ಕುಳಿತಿದ್ದರೆ ದಾಟಿ ಹೋಗಬೇಡಿ. ಅದು ನೀಲಕಂಠ, ನಮ್ಮ ರಾಜ್ಯಪಕ್ಷಿ. ಹಾರಿದಾಗ ರೆಕ್ಕೆಯಲ್ಲಿ ಎರಡು ಬಗೆಯ ನೀಲಿ ಮಿಂಚುತ್ತದೆ. ಈ ತಿಂಗಳುಗಳಲ್ಲಿ ಗಂಡು ಮೇಲೆ ಹಾರಿ ಕರ್ಕಶವಾಗಿ ಕೂಗುತ್ತ ಉರುಳಿ ಕೆಳಗೆ ಬೀಳುವಂತೆ ಆಟ ಕಟ್ಟುತ್ತದೆ.

ಅದೇ ತಂತಿಯ ಮೇಲೆ ಹಸಿರು ಕಳ್ಳಿಪೀರ ಇರುತ್ತದೆ. ಹಾರಿ ಜೇನುನೊಣವನ್ನು ಹಿಡಿದು ಹೊರಟ ಜಾಗಕ್ಕೇ ಮರಳಿ ಬರುತ್ತದೆ. ನೊಣವನ್ನು ತಂತಿಗೆ ಬಡಿದು ಉಜ್ಜಿ ಮುಳ್ಳು ಕಳೆದು ನುಂಗುತ್ತದೆ. ಹಳ್ಳದ ಮಣ್ಣುಗೋಡೆಯಲ್ಲಿ ಹಿಡಿ ತೂರದಷ್ಟು ಸಣ್ಣ ತೂತುಗಳಿದ್ದರೆ ಅವು ಕಳ್ಳಿಪೀರದ ಗೂಡುಗಳಿರಬಹುದು. ಕಡ್ಡಿ ಹಾಕಿ ನೋಡಬಾರದು, ಆ ಗೋಡೆಯ ಮೇಲಿನ ಅಂಚಿನಲ್ಲಿ ನಡೆಯಲೂಬಾರದು; ಸುರಂಗ ಕುಸಿಯುತ್ತದೆ.

ಗುಂಡುತೋಪಿನಲ್ಲಿ ಕಿವಿಗೆ ಕೆಲಸ. ಕೋಗಿಲೆಯ ಏರುದನಿ ಕಪ್ಪು ಗಂಡಿನದು. ಹೆಣ್ಣು ಕಂದು ಮೈಯ ಮೇಲೆ ಬಿಳಿ ಚುಕ್ಕೆಯದು, ‘ಕಿಕ್ ಕಿಕ್’ ಎನ್ನುತ್ತ ಕಾಗೆಯ ಗೂಡಿನ ಸುತ್ತ ಸುಳಿಯುತ್ತದೆ. ಒಂದೇ ಸಮನೆ ಟಕ್ ಟಕ್ ಎಂದು ತಾಮ್ರ ಬಡಿದಂತೆ ಕೇಳಿದರೆ ಅದು ಕಂಚುಗಾರ ಹಕ್ಕಿ, ಆಲ ಅತ್ತಿಗಳ ಹಣ್ಣಿಗೆ ಬಂದಿದೆ. ಹಳೆಯ ಮರದ ಪೊಟರೆಯಲ್ಲಿ ಹಾಲಕ್ಕಿ ಎನ್ನುವ ಪುಟ್ಟ ಗೂಬೆ ನಿಮ್ಮನ್ನೇ ನೋಡುತ್ತ ತಲೆ ಕುಣಿಸುತ್ತಿರಬಹುದು. ಬಾವಲಿಗಳು ತೂಗುಬಿದ್ದ ಮರ ಸಿಕ್ಕರೆ ದೂರದಿಂದ ಗಮನಿಸಿ. ಬಿಸಿಲೇರಿದಂತೆ ಅವು ಒಂದು ರೆಕ್ಕೆಯನ್ನು ಬೀಸಿ ಗಾಳಿ ಹಾಕಿಕೊಳ್ಳುತ್ತವೆ. ಚಪ್ಪಾಳೆ ತಟ್ಟಿ ಅವುಗಳನ್ನು ಎಬ್ಬಿಸುವ ಕೆಟ್ಟ ಚಾಳಿ ನಮ್ಮಲ್ಲಿದೆ. ದಯವಿಟ್ಟು ಮಕ್ಕಳಿಗೆ ಅದನ್ನು ಕಲಿಸಬೇಡಿ.

ಹಕ್ಕಿಯ ದನಿ ಗುರುತಿಸುವ ‘ಮರ್ಲಿನ್’ ಆ್ಯಪ್ ಹೊಸಬರಿಗೆ ನೆರವಾಗುತ್ತದೆ. ಅದರಿಂದ ಕೇಳಿಸಿಕೊಳ್ಳಿ, ಕೇಳಿಸಬೇಡಿ. ಧ್ವನಿಮುದ್ರಿಕೆ ಹಾಕಿ ಹಕ್ಕಿಯನ್ನು ಕರೆದರೆ, ತನ್ನ ಜಾಗಕ್ಕೆ ಎದುರಾಳಿ ಬಂದನೆಂದು ಅದು ಗೂಡು ಬಿಟ್ಟು ಬರುತ್ತದೆ.

6. ದಾರಿಯ ಧೂಳು, ಗೋಮಾಳದ ಬಂಡೆ

ಬೆಳಗಿನ ಬಂಡಿದಾರಿಯ ನುಣ್ಣನೆಯ ಧೂಳಿನಲ್ಲಿ ರಾತ್ರಿಯ ಓಡಾಟವೆಲ್ಲ ಬರೆದಿರುತ್ತದೆ. ದನಗಳು ಬರುವ ಮೊದಲೇ ಓದಬೇಕು. ನವಿಲಿನ ಮೂರು ಬೆರಳು, ಹಾವಿನ ಅಂಕುಡೊಂಕು ಗೆರೆ, ಮೊಲದ ಕುಪ್ಪಳಿಕೆ ಮಕ್ಕಳಿಗೂ ಬೇಗ ಗೊತ್ತಾಗುತ್ತವೆ. ನಾಯಿಯ ಹೆಜ್ಜೆಯಲ್ಲಿ ಉಗುರಿನ ಗುರುತು ಮೂಡುತ್ತದೆ. ಚಿರತೆ, ಬೆಕ್ಕಿನ ಹೆಜ್ಜೆಯಲ್ಲಿ ಮೂಡುವುದಿಲ್ಲ, ಏಕೆಂದರೆ ಅವು ಉಗುರನ್ನು ಒಳಗೆಳೆದುಕೊಂಡು ನಡೆಯುತ್ತವೆ. ಅಂಗೈಯಗಲದ, ಉಗುರಿಲ್ಲದ ದುಂಡು ಹೆಜ್ಜೆ ಕಂಡರೆ ಮಕ್ಕಳನ್ನು ಹತ್ತಿರ ಕರೆದುಕೊಂಡು ಹಿಂದಿರುಗಿ, ಊರಿನವರಿಗೆ ತಿಳಿಸಿ.

ಗೋಮಾಳದ ಬಂಡೆಯ ಮೇಲೆ ಎಳೆಬಿಸಿಲು ಬಿದ್ದ ಮೇಲೆ ಬಂಡೆ ಓತಿ ಹೊರಬರುತ್ತದೆ. ಈ ಕಾಲದಲ್ಲಿ ಗಂಡಿನ ತಲೆ ಬೆನ್ನು ಹಳದಿಯಿಂದ ಉರಿಗೆಂಪಿಗೆ ತಿರುಗಿ ಮಗ್ಗುಲು ಕಪ್ಪಾಗಿರುತ್ತದೆ. ಬಂಡೆಯ ನೆತ್ತಿಯಲ್ಲಿ ಮುಂಗಾಲೂರಿ ಮೈ ಎತ್ತಿ ಇಳಿಸುತ್ತ ಇದು ತನ್ನ ಜಾಗ ಎಂದು ಸಾರುತ್ತದೆ. ಹೆಣ್ಣು ಕಲ್ಲಿನದೇ ಬಣ್ಣ. ಗಂಡು ಯಾವ ಕಡೆ ಮುಖ ಮಾಡಿ ಮೈ ಕುಣಿಸುತ್ತಿದೆ ಎಂದು ನೋಡಿದರೆ ಹೆಣ್ಣೋ ಇನ್ನೊಂದು ಗಂಡೋ ಅಲ್ಲೇ ಸಿಗುತ್ತದೆ.

ಕಲ್ಲು ಎತ್ತಿ ನೋಡುವುದು ಬೇಡ. ನಕ್ಷತ್ರ ಆಮೆ ಕಂಡರೆ ನೋಡಿ ಬಿಟ್ಟುಬಿಡಿ. ಅದನ್ನಾಗಲಿ ಗಿಳಿಮರಿಯನ್ನಾಗಲಿ ಮನೆಗೆ ತರುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ.

7. ಅಪಾಯಗಳು, ಅಂಜಿಕೆಯಿಲ್ಲದೆ ತಿಳಿದುಕೊಳ್ಳಬೇಕಾದವು

ಹಾವು. ಹಗಲಲ್ಲಿ ಹೆಚ್ಚಾಗಿ ಕಾಣುವುದು ಕೇರೆಹಾವು. ವಿಷವಿಲ್ಲ, ಇಲಿ ಹಿಡಿದು ರೈತನಿಗೆ ಉಪಕಾರ ಮಾಡುತ್ತದೆ. ಅಪಾಯ ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲಗಳಿಂದ. ಕಾಲಿಡುವ ಜಾಗ ನೋಡದೆ ತರಗೆಲೆ ತುಳಿಯಬೇಡಿ, ಪೊದೆಗೆ ಕೈ ಹಾಕಬೇಡಿ. ಕಚ್ಚಿದರೆ ಬಟ್ಟೆ ಬಿಗಿಯುವುದು, ಗಾಯ ಕೊಯ್ಯುವುದು, ರಕ್ತ ಹೀರುವುದು ಯಾವುದೂ ಬೇಡ. ಕಚ್ಚಿಸಿಕೊಂಡವರನ್ನು ಅಲುಗಾಡದಂತೆ ಮಲಗಿಸಿ, ಉಂಗುರ ಬಳೆ ತೆಗೆದು, 108ಕ್ಕೆ ಕರೆ ಮಾಡಿ. ಪ್ರತಿವಿಷ ಇರುವ ಆಸ್ಪತ್ರೆಗೆ ನೇರ ಒಯ್ಯಿರಿ. ಹಾವನ್ನು ಕೊಂದು ತರುವ ಅಗತ್ಯವಿಲ್ಲ. ನಾಟಿ ಔಷಧಿಗೆಂದು ಕಳೆಯುವ ಹೊತ್ತೇ ಪ್ರಾಣ ತೆಗೆಯುತ್ತದೆ.

ಹೆಜ್ಜೇನು. ದೊಡ್ಡ ಮರ, ಬಂಡೆಯ ಸೆರೆ, ನೀರಿನ ಟ್ಯಾಂಕುಗಳ ಕೆಳಗೆ ಕಪ್ಪು ಜೇನುಗೂಡು ತೂಗುತ್ತಿದ್ದರೆ ಸುತ್ತು ಬಳಸಿ ಹೋಗಿ. ಹೊಗೆ, ಕಲ್ಲು, ಗಾಢ ಸುಗಂಧ ಅವುಗಳನ್ನು ಕೆಣಕುತ್ತವೆ. ಎದ್ದರೆ ಮುಖಕ್ಕೆ ಬಟ್ಟೆ ಸುತ್ತಿಕೊಂಡು ಓಡಿ, ಮುಚ್ಚಿದ ಮನೆಯನ್ನೋ ವಾಹನವನ್ನೋ ಸೇರಿ. ನೀರಿಗೆ ಹಾರಬೇಡಿ, ಅವು ಮೇಲೆಯೇ ಕಾಯುತ್ತವೆ. ಚುಚ್ಚಿದ ಮುಳ್ಳನ್ನು ತಡಮಾಡದೆ ಉಗುರಿನಿಂದ ಕೆರೆದು ತೆಗೆಯಿರಿ. ಉಸಿರು ಕಟ್ಟಿದರೆ, ಹಲವು ಕಡೆ ಚುಚ್ಚಿದ್ದರೆ ಆಸ್ಪತ್ರೆ.

ತಂತಿ ಬೇಲಿ. ಕಾಡುಹಂದಿ ಕಾಟಕ್ಕೆ ಕೆಲವೆಡೆ ಕಾನೂನು ಮೀರಿ ನೇರ ವಿದ್ಯುತ್ ಹರಿಸಿರುತ್ತಾರೆ. ಯಾವ ತಂತಿಯನ್ನೂ ಮುಟ್ಟಬೇಡಿ, ನುಸುಳಬೇಡಿ.

ಸಿಡಿಲು. ಅಶ್ವಿನಿ, ಭರಣಿ ಮಳೆಗಳು ಸಂಜೆ ಗುಡುಗಿನೊಂದಿಗೆ ಬರುತ್ತವೆ. ಮಿಂಚು ಕಂಡು 30 ಸೆಕೆಂಡಿನೊಳಗೆ ಗುಡುಗು ಕೇಳಿದರೆ ನೀವು ಅಪಾಯದ ವ್ಯಾಪ್ತಿಯಲ್ಲಿದ್ದೀರಿ. ಒಂಟಿ ಮರದ ಕೆಳಗೆ ನಿಲ್ಲುವುದೇ ಪ್ರತಿ ವರ್ಷ ನಮ್ಮ ಹಳ್ಳಿಗಳಲ್ಲಿ ಜನರನ್ನೂ ಕುರಿದನಗಳನ್ನೂ ಬಲಿ ತೆಗೆದುಕೊಳ್ಳುತ್ತಿದೆ. ಗೋಡೆ, ತಾರಸಿ ಇರುವ ಕಟ್ಟಡ ಸೇರಿ, ಕೊನೆಯ ಗುಡುಗಿನ ನಂತರ ಅರ್ಧ ಗಂಟೆ ಕಾಯಿರಿ. ಮಳೆ ನಿಂತ ಮರುದಿನ ಬೆಳಿಗ್ಗೆ ಮಾತ್ರ ತಪ್ಪದೆ ಹೊರಡಿ. ಹುತ್ತಗಳಿಂದ ಈಸಲು ಹುಳುಗಳು ಏಳುತ್ತಿದ್ದರೆ ಕಾಜಾಣ, ಕಳ್ಳಿಪೀರ, ಗೊರವಂಕ, ಹದ್ದು ಎಲ್ಲವೂ ಒಂದೇ ಕಡೆ ಸೇರುತ್ತವೆ.

8. ಮಲೆನಾಡಿಗೆ ಹೋಗುವವರಿಗೆ

ಅಲ್ಲಿ ಬೇಸಿಗೆಯೆಂದರೆ ಮಂಗನ ಕಾಯಿಲೆಯ ಕಾಲವೂ ಹೌದು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಪತ್ತೆಯಾದ ಈ ಜ್ವರ ಉಣುಗುಗಳಿಂದ (ರಕ್ತ ಹೀರುವ ಸಣ್ಣ ಉಣ್ಣೆಗಳಿಂದ) ಹರಡುತ್ತದೆ; ಡಿಸೆಂಬರ್‌ನಿಂದ ಮೇವರೆಗೆ ಹೆಚ್ಚು. ಹೊರಡುವ ಮೊದಲು ಆ ಭಾಗದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ವಿಚಾರಿಸಿ. ಪ್ರಕರಣ ಇದ್ದ ಕಡೆ ಕಾಡಿನಂಚಿಗೂ ಹೋಗಬೇಡಿ. ಪ್ಯಾಂಟನ್ನು ಕಾಲುಚೀಲದೊಳಗೆ ತೂರಿಸಿ, ತರಗೆಲೆಯ ಮೇಲೆ ಕೂರಬೇಡಿ, ಉಣುಗು ಹತ್ತದಂತೆ ಆರೋಗ್ಯ ಇಲಾಖೆ ಕೊಡುವ ಡೆಪಾ ತೈಲ ಹಚ್ಚಿಕೊಳ್ಳಿ, ಮನೆಗೆ ಬಂದು ಬಿಸಿನೀರಿನಲ್ಲಿ ಸ್ನಾನ ಮಾಡಿ ಬಟ್ಟೆಯನ್ನೂ ಬಿಸಿನೀರಿಗೆ ಹಾಕಿ. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಆರೋಗ್ಯ ಕೇಂದ್ರಕ್ಕೆ ತಿಳಿಸಿ. ಕೊಡಗು, ಸಕಲೇಶಪುರ, ಆಲೂರಿನ ಕಾಫಿ ತೋಟಗಳ ದಾರಿಯಲ್ಲಿ ಆನೆಗಳ ಓಡಾಟ ಎಲ್ಲಿದೆ ಎಂದು ತೋಟದವರನ್ನು ಕೇಳದೆ ಬೆಳಗಿನ ಮಬ್ಬಿನಲ್ಲಿ ಹೊರಡಬೇಡಿ.

9. ಕಂಡದ್ದನ್ನು ಬರೆದಿಡಿ, ಬಿದ್ದದ್ದು ಸಿಕ್ಕರೆ ಹೀಗೆ ಮಾಡಿ

ದಿನಾಂಕ, ಹೊತ್ತು, ಜಾಗ, ಕಂಡದ್ದು, ಅದು ಏನು ಮಾಡುತ್ತಿತ್ತು. ಇಷ್ಟು ಸಾಕು. ಹೆಸರು ಗೊತ್ತಿಲ್ಲದಿದ್ದರೆ ಗಾತ್ರ, ಕೊಕ್ಕಿನ ಆಕಾರ, ಕೂತ ಜಾಗ ಬರೆಯಿರಿ. ಹಕ್ಕಿಗಳ ಲೆಕ್ಕ ದಾಖಲಿಸುವ ‘ಇಬರ್ಡ್’ ಜಾಲತಾಣದಲ್ಲಿ ಪಟ್ಟಿ ಹಾಕಿದರೆ ನಿಮ್ಮೂರ ಕೆರೆಯ ಲೆಕ್ಕ ಉಳಿಯುತ್ತದೆ. ಗೂಡಿನ ಫೋಟೊವನ್ನೂ ಅದಿರುವ ಜಾಗವನ್ನೂ ಯಾವ ಗುಂಪಿಗೂ ಹಾಕಬೇಡಿ; ಮರಿ ಕದಿಯುವವರೂ ಅದೇ ಗುಂಪಿನಲ್ಲಿರಬಹುದು.

ನೆಲಕ್ಕೆ ಬಿದ್ದ ಮರಿಯ ಬಗ್ಗೆ ಪ್ರತಿ ಬೇಸಿಗೆ ಪತ್ರಗಳು ಬರುತ್ತವೆ. ಮೈತುಂಬ ಗರಿ ಬಂದು ಕುಪ್ಪಳಿಸುತ್ತಿರುವ ಮರಿ ಹಾರಲು ಕಲಿಯುತ್ತಿದೆ. ತಾಯಿ, ತಂದೆ ಹತ್ತಿರವೇ ಇರುತ್ತವೆ. ನಾಯಿ ಬೆಕ್ಕಿಗೆ ಸಿಗದಂತೆ ಎತ್ತಿ ಹತ್ತಿರದ ಕೊಂಬೆಯ ಮೇಲೆ ಕೂರಿಸಿ ದೂರ ಹೋಗಿ. ಗರಿಯಿಲ್ಲದ ಮರಿಯಾದರೆ ಗೂಡಿಗೇ ಮರಳಿ ಇಡಿ. ಮನುಷ್ಯನ ವಾಸನೆ ತಗುಲಿದರೆ ತಾಯಿ ಬಿಡುತ್ತದೆ ಎಂಬುದು ಸುಳ್ಳು.

ಕಬ್ಬಿನ ಗದ್ದೆಯಲ್ಲಿ ಬೆಕ್ಕಿನ ಮರಿಗಳಂತೆ ಕಾಣುವ ಚುಕ್ಕೆಯ ಮರಿಗಳು ಸಿಕ್ಕರೆ ಮುಟ್ಟಬೇಡಿ, ಸೆಲ್ಫಿಗೆ ನಿಲ್ಲಬೇಡಿ. ಅವು ಚಿರತೆ ಮರಿಗಳಿರಬಹುದು, ತಾಯಿ ಅಲ್ಲೇ ಇರಬಹುದು. ಕೂಡಲೇ ಅಲ್ಲಿಂದ ಹೊರಟು ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಕರೆ ಮಾಡಿ.

ಬಿಸಿಲಿಗೆ ಸೋತು ಬಿದ್ದ ದೊಡ್ಡ ಹಕ್ಕಿಯ ಬಾಯಿಗೆ ನೀರು ಹುಯ್ಯಬೇಡಿ, ಶ್ವಾಸನಾಳಕ್ಕೆ ಇಳಿದು ಸಾಯುತ್ತದೆ. ತೂತು ಮಾಡಿದ ರಟ್ಟಿನ ಪೆಟ್ಟಿಗೆಯಲ್ಲಿ ಬಟ್ಟೆ ಹಾಸಿ ಇಟ್ಟು, ಪಕ್ಕಕ್ಕೆ ಆಳವಿಲ್ಲದ ತಟ್ಟೆಯಲ್ಲಿ ನೀರಿಟ್ಟು, ನೆರಳಿನ ನಿಶ್ಶಬ್ದ ಮೂಲೆಯಲ್ಲಿ ಬಿಡಿ. ಮಕ್ಕಳು ಗಳಿಗೆಗೊಮ್ಮೆ ಮುಚ್ಚಳ ತೆರೆಯದಂತೆ ನೋಡಿಕೊಳ್ಳಿ. ಬಿಸಿಲು ಇಳಿದ ಮೇಲೆ, ಇನ್ನೂ ಬೆಳಕಿರುವಾಗ, ಸಿಕ್ಕಿದ ಜಾಗಕ್ಕೇ ಒಯ್ದು ಪೆಟ್ಟಿಗೆ ತೆರೆಯಿರಿ. ಹಾರದಿದ್ದರೆ ಅಥವಾ ರೆಕ್ಕೆ ಜೋತುಬಿದ್ದಿದ್ದರೆ 1926ಕ್ಕೆ ಕರೆ ಮಾಡಿ ಅಥವಾ ಹತ್ತಿರದ ಪಶು ಆಸ್ಪತ್ರೆಗೆ ಒಯ್ಯಿರಿ.